ಹೆಸರು ಬೇಡ ಅನ್ನೋ ಸ್ಪಾನ್ಸರ್

ಕಳೆದ ವರ್ಷ ಫೆಸ್ಟ್‌ಗೆ ದುಡ್ಡು ಕೇಳೋಕೆ ಅಂತ ನಾವು ಮೂರು ಜನ ಅಂಗಡಿ ಅಂಗಡಿ ಸುತ್ತಿದ್ವಿ. ಐದು ಸಾವಿರ ಕೊಟ್ಟವರೂ ಮೊದಲು ಕೇಳಿದ್ದು ಒಂದೇ: "ಬ್ಯಾನರ್‌ನಲ್ಲಿ ನಮ್ಮ ಹೆಸರು ಎಷ್ಟು ದೊಡ್ಡದಾಗಿ ಬರತ್ತೆ?" ಒಂದು ಕೋಚಿಂಗ್ ಸೆಂಟರ್‌ನವರಂತೂ ಉದ್ಘಾಟನೆ ದಿನ ಇಪ್ಪತ್ತು ನಿಮಿಷ ಮೈಕ್ ಬಿಡಲಿಲ್ಲ. ಎಲ್ಲರೂ ಬೈಕೊಂಡ್ರು. ಆದ್ರೆ ಯಾರು ಕೊಟ್ರು, ಬದಲಿಗೆ ಏನು ತಗೊಂಡ್ರು ಅನ್ನೋದು ಆಡಿಟೋರಿಯಂನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಈಗ ಯಾರೋ ಒಬ್ಬರು ಬಂದು "ಒಂದು ಕೋಟಿ ತಗೊಳ್ಳಿ, ನನ್ನ ಹೆಸರು ಮಾತ್ರ ಎಲ್ಲೂ ಹಾಕ್ಬೇಡಿ" ಅಂದ್ರೆ? ನಮ್ಮ ಖಜಾಂಚಿಗೂ ಅನುಮಾನ ಬರತ್ತೆ. ನಮ್ಮ ದೇಶದಲ್ಲಿ ಇದೇ ಆರು ವರ್ಷ ಕಾನೂನಾಗಿತ್ತು. 2018ರ ಜನವರಿಯಲ್ಲಿ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ ಯಾರು ಬೇಕಾದರೂ ಸ್ಟೇಟ್ ಬ್ಯಾಂಕಿಗೆ ಹೋಗಿ ಒಂದು ಸಾವಿರದಿಂದ ಒಂದು ಕೋಟಿಯವರೆಗಿನ ಬಾಂಡ್ ಕೊಂಡು ಪಕ್ಷಕ್ಕೆ ಕೊಡಬಹುದಿತ್ತು. ಕೊಟ್ಟವರ ಹೆಸರನ್ನು ಪಕ್ಷ ಯಾರಿಗೂ ಹೇಳಬೇಕಿರಲಿಲ್ಲ. ಅದಕ್ಕೂ ಮೊದಲು ಕಂಪನಿಯೊಂದು ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದು ಅಂತಿತ್ತು. 2017ರಲ್ಲಿ ಆ ಮಿತಿಯನ್ನೂ ತೆಗೆದಿದ್ದರು. ನಷ್ಟದಲ್ಲಿರೋ ಕಂಪನಿಯೂ ದೇಣಿಗೆ ಕೊಡಬಹುದು! ಅದು ಯಾರ ದುಡ್ಡು, ಸ್ವಾಮಿ?

ಹೆಸರು ಗುಟ್ಟಾಗಿಡೋದಕ್ಕೆ ಸರ್ಕಾರ ಕೊಟ್ಟ ಕಾರಣ, ಒಂದು ಪಕ್ಷಕ್ಕೆ ಕೊಟ್ಟರೆ ಇನ್ನೊಂದು ಪಕ್ಷ ಸೇಡು ತೀರಿಸಿಕೊಳ್ಳಬಹುದು ಅನ್ನೋದು. ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಗುಟ್ಟು ಯಾರಿಂದ? ಕೊಟ್ಟವರು ಪಕ್ಷಕ್ಕೆ ಹೇಳದೆ ಇರ್ತಾರಾ? ಬ್ಯಾಂಕ್ ಸರ್ಕಾರದ್ದೇ, ಅಲ್ಲಿ ಕೆವೈಸಿ ಇದೆ. ಬಾಂಡ್ ಮೇಲೆ ಬರಿಗಣ್ಣಿಗೆ ಕಾಣದ, ಯುವಿ ಬೆಳಕಲ್ಲಿ ಮಾತ್ರ ಕಾಣುವ ನಂಬರ್ ಇದೆ ಅಂತ 2018ರಲ್ಲೇ ಒಬ್ಬ ಪತ್ರಕರ್ತೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ ತೋರಿಸಿದ್ದರು. ಕೊನೆಗೆ ಏನೂ ಗೊತ್ತಿಲ್ಲದೆ ಉಳಿದವರು ವೋಟು ಹಾಕೋ ನಾವು ಮಾತ್ರ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ಅಸಾಂವಿಧಾನಿಕ ಅಂತ ರದ್ದು ಮಾಡಿತು. ಶೇ 7.5ರ ಮಿತಿ ತೆಗೆದಿದ್ದನ್ನೂ ಒಪ್ಪಲಿಲ್ಲ. 2019ರ ಏಪ್ರಿಲ್‌ನಿಂದ ಈಚಿನ ಬಾಂಡ್‌ಗಳ ವಿವರವನ್ನು ಮಾರ್ಚ್ 6ರೊಳಗೆ ಕೊಡಿ ಅಂದಾಗ ಬ್ಯಾಂಕ್ ಕೇಳಿದ್ದು ಜೂನ್ 30ರವರೆಗೆ ಸಮಯ. ಇದ್ದದ್ದು 22,217 ಬಾಂಡ್. ಡಿಬಿಎಂಎಸ್ ಲ್ಯಾಬ್‌ನಲ್ಲಿ ಬೈಸಿಕೊಂಡವರಿಗೆಲ್ಲ ಗೊತ್ತು, ಎರಡು ಟೇಬಲ್ ಇದ್ದು ನಡುವೆ ಒಂದು ಕೀ ಇದ್ದರೆ ಜಾಯಿನ್ ಮಾಡೋಕೆ ಎಷ್ಟು ಹೊತ್ತು ಬೇಕು ಅಂತ. ವಿವರ ಬೇರೆ ಬೇರೆ ಕಡೆ ಮುಚ್ಚಿದ ಲಕೋಟೆಗಳಲ್ಲಿದೆ ಅನ್ನೋದು ಬ್ಯಾಂಕಿನ ವಾದ, ಇರಲಿ. ಆದರೆ ಲೋಕಸಭೆ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಕೋರ್ಟ್ ಒಪ್ಪಿದ್ದರೆ ನಾವೆಲ್ಲ ಕಣ್ಣುಮುಚ್ಚಿಕೊಂಡೇ ವೋಟು ಹಾಕಿರ್ತಿದ್ವಿ.

ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 14ಕ್ಕೆ ಪಟ್ಟಿಗಳು ಹೊರಬಂದವು: ಕೊಂಡವರದ್ದು ಒಂದು, ಪಡೆದ ಪಕ್ಷಗಳದ್ದು ಇನ್ನೊಂದು, ನಡುವಿನ ಕೀ ಮಾತ್ರ ನಾಪತ್ತೆ. ಕೋರ್ಟ್ ಮತ್ತೆ ಗದರಿದ ಮೇಲೆ 21ಕ್ಕೆ ನಂಬರ್‌ಗಳೂ ಬಂದವು. ಅತಿ ಹೆಚ್ಚು ಬಾಂಡ್ ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎರಡನೆಯದು ಮೇಘಾ ಇಂಜಿನಿಯರಿಂಗ್, 966 ಕೋಟಿ; ನೀರಾವರಿ, ಸುರಂಗ ಕಾಮಗಾರಿ ಮಾಡೋ ಈ ಕಂಪನಿಯ ಹೆಸರು ನಮ್ಮ ಸಿವಿಲ್‌ನವರಿಗೆ ಗೊತ್ತಿರತ್ತೆ. ಪಡೆದವರಲ್ಲಿ ಬಿಜೆಪಿ ಸುಮಾರು 6,000 ಕೋಟಿಯೊಂದಿಗೆ ಎಲ್ಲರಿಗಿಂತ ಮುಂದೆ. ತೃಣಮೂಲ ಮತ್ತು ಕಾಂಗ್ರೆಸ್‌ಗೂ ಸಾವಿರ ಕೋಟಿ ದಾಟಿತ್ತು. ಕೊಟ್ಟಿದ್ದೆಲ್ಲ ಲಂಚ ಅಂತ ಹೇಳೋಕಾಗಲ್ಲ. ಆದರೆ ಯಾವ ತಿಂಗಳು ದುಡ್ಡು ಹೋಯ್ತು, ಯಾವ ತಿಂಗಳು ಟೆಂಡರ್ ಬಂತು ಅಂತ ಕೇಳೋಕಾದ್ರೂ ಹೆಸರು ಬೇಕಲ್ಲ.

ಏಪ್ರಿಲ್ 26ಕ್ಕೆ ನಾನು ಮೊದಲ ಸಲ ವೋಟು ಹಾಕಿದೆ. ಪಟ್ಟಿ ನೋಡಿ ಮನಸ್ಸು ಬದಲಾಯ್ತಾ ಅಂತ ಕೇಳಬೇಡಿ, ಅದು ನನ್ನ ಗುಟ್ಟು. ನೋಡೋಕೆ ಒಂದು ತಿಂಗಳು ಸಿಕ್ಕಿತ್ತು, ಅಷ್ಟೇ.

ಮುಂದಿನ ಸಲ ಆ ತಿಂಗಳೂ ಸಿಗಲ್ಲ. ಬಾಂಡ್ ಹೋಯ್ತು, ಚೆಕ್ಕು ಮತ್ತು ಎಲೆಕ್ಟೋರಲ್ ಟ್ರಸ್ಟ್‌ಗಳ ದಾರಿ ಹಾಗೇ ಇದೆ. ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷ ತಿಳಿಸಲೇಬೇಕು, ಸರಿ. ಆದರೆ ಅದು ವಾರ್ಷಿಕ ವರದಿ. 2024ರ ಏಪ್ರಿಲ್‌ನಲ್ಲಿ ಕೊಟ್ಟದ್ದು 2025ರ ಮಾರ್ಚ್‌ಗೆ ಮುಗಿಯೋ ವರ್ಷದ ಲೆಕ್ಕ, ವರದಿ ಅದರ ನಂತರ. ಅಷ್ಟರಲ್ಲಿ ಗೆದ್ದವರು ಒಂದು ವರ್ಷ ಆಳಿರ್ತಾರೆ. ಇನ್ನು ಖರ್ಚಿನ ಮಿತಿ ಅಂತೀರಾ? ಲೋಕಸಭೆ ಅಭ್ಯರ್ಥಿಗೆ ನಮ್ಮಲ್ಲಿ 95 ಲಕ್ಷ, ಪಕ್ಷಕ್ಕೆ ಮಿತಿಯೇ ಇಲ್ಲ.

ದುಡ್ಡಿನ ಚುನಾವಣೆಗೆ ಹೆಸರಾದ ಅಮೆರಿಕದಲ್ಲೂ, ಮತದಾನಕ್ಕೆ ಇಪ್ಪತ್ತು ದಿನ ಇರುವಾಗಿನಿಂದ ಅಭ್ಯರ್ಥಿಯ ಪ್ರಚಾರ ಸಮಿತಿಗೆ ಬರುವ ಸಾವಿರ ಡಾಲರ್ ಮತ್ತು ಮೇಲಿನ ದೇಣಿಗೆಯನ್ನು 48 ಗಂಟೆಯೊಳಗೆ ತಿಳಿಸಬೇಕು. ನಮಗೂ ಇದು ಹೊಸದೇನಲ್ಲ. ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಕೇಸುಗಳ ಅಫಿಡವಿಟ್ ಕೊಡೋದು ನಾಮಪತ್ರದ ಜೊತೆಗೇ, ಫಲಿತಾಂಶ ಬಂದ ಮೇಲಲ್ಲ. ಅದನ್ನೂ ಎರಡು ದಶಕದ ಹಿಂದೆ ಸುಪ್ರೀಂ ಕೋರ್ಟೇ ತಂದದ್ದು, ಆಗಲೂ ಪಕ್ಷಗಳು ವಿರೋಧಿಸಿದ್ದವು. ದೇಣಿಗೆ ಕೊಟ್ಟವರ ಪಟ್ಟಿಯೂ ಅದೇ ವಾರ ಆಯೋಗದ ವೆಬ್‌ಸೈಟಿಗೆ ಬರಲಿ, ಆಮೇಲೆ ಎರಡು ದಿನಕ್ಕೊಮ್ಮೆ ಅಪ್‌ಡೇಟ್ ಆಗಲಿ. ಎಕ್ಸೆಲ್ ಶೀಟ್ ಆದರೂ ಸಾಕು. ಕೀ ಮಾತ್ರ ಮರೀಬೇಡಿ.