ಸ್ಟೇಷನ್ ಚೆಂದ ಆಯ್ತು, ರೈಲು ಎಲ್ಲಿ?

ಗಂಗಾನಗರದ ಬಸ್ ಸ್ಟಾಪಿನಲ್ಲಿ ಸಂಜೆ ಆರು ಗಂಟೆಗೆ ನಿಂತು ನೋಡಿ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೊರಟ ಟ್ಯಾಕ್ಸಿಗಳ ಸಾಲು, ಆ ಸಾಲಿನ ನಡುವೆ ಸಿಕ್ಕಿಹಾಕಿಕೊಂಡ ಬಿಎಂಟಿಸಿ ಬಸ್ಸು. ಆ ಬಸ್ಸಲ್ಲಿ ನಾನೂ ಇರ್ತೀನಿ. ಹೆಬ್ಬಾಳ ಫ್ಲೈಓವರ್ ಹತ್ತಿ ಬಸ್ಸು ನಿಂತಾಗ ಕಿಟಕಿಯಿಂದ ಕೆಳಗೆ ನೋಡಿದ್ರೆ ರೈಲು ಹಳಿ ಕಾಣುತ್ತೆ. ಅದೂ ಖಾಲಿ. ಮೇಲೆ ಸಾವಿರಾರು ಜನ ನಿಂತಲ್ಲೇ ನಿಂತಿದ್ದಾರೆ, ಕೆಳಗಿನ ದಾರಿ ಸುಮ್ಮನೆ ಬಿದ್ದಿದೆ. ಈ ಲೇಖನ ಹುಟ್ಟಿದ್ದು ಆ ಕಿಟಕಿಯಲ್ಲಿ.

ನಮ್ಮ ಕಡೆ ರೈಲು ಹುಚ್ಚಿನ ಒಂದು ಸಣ್ಣ ಗುಂಪಿದೆ. ಬೋರ್ಡಿಲ್ಲ, ರಿಜಿಸ್ಟ್ರೇಷನ್ ಇಲ್ಲ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರ್ತಾರೆ. ಹಳೇ ಟೈಮ್‌ಟೇಬಲ್, ರಟ್ಟಿನ ಟಿಕೆಟ್, ಮಾಸಿದ ಫೋಟೋ, ನಕ್ಷೆ ಹರಡಿಕೊಂಡು ಕೂರ್ತಾರೆ. ಕಾಲೇಜು ಹುಡುಗರಿಂದ ಹಿಡಿದು ರಿಟೈರ್ ಆದವರ ತನಕ ಎಲ್ಲರೂ ಇದ್ದಾರೆ. ದೇಶದ ಮಟ್ಟದಲ್ಲಿ ಇಂಥವರಿಗೆ 1989ರಿಂದಲೇ ಐಆರ್‌ಎಫ್‌ಸಿಎ ಎಂಬ ದೊಡ್ಡ ಬಳಗವಿದೆ. ಇಂಜಿನ್ ನಂಬರ್ ಕೇಳಿದ್ರೆ ಅದು ಯಾವ ಶೆಡ್ಡಿನದು ಅಂತ ಹೇಳುವ ಜನ. ಇಂಜಿನಿಯರಿಂಗ್ ಓದುವಾಗ ನಾನು ಇಂಥವರನ್ನ ನೋಡಿ ನಗ್ತಿದ್ದೆ. ದೇಶದಲ್ಲಿ ಇಷ್ಟೆಲ್ಲ ಸಮಸ್ಯೆ ಇರುವಾಗ ಇವರಿಗೆ ಕಲ್ಲಿದ್ದಲ ಹೊಗೆಯ ಚಿಂತೆ ಅನ್ನಿಸ್ತಿತ್ತು. ಈಗ ಹಾಗನ್ನಿಸಲ್ಲ. ಉತ್ತರ ಬೆಂಗಳೂರಿನ ಅತಿ ದೊಡ್ಡ ರಾಜಕೀಯ ಪ್ರಶ್ನೆಗೆ ಬೇಕಾದ ಸಾಕ್ಷ್ಯದ ಒಂದು ಪಾಲು ಈ ಜನರ ಟ್ರಂಕಿನಲ್ಲಿದೆ ಅಂತ ತಡವಾಗಿ ಅರ್ಥವಾಯ್ತು.

1915ರ ಹಳಿ

ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ಇದೆಯಲ್ಲ, ಅದು ಬಂದಿದ್ದು 1915ರಲ್ಲಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ. ಹೆಸರು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ. ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್ ಅಗಲದ ನ್ಯಾರೋಗೇಜ್. ಈಗಿನ ಬ್ರಾಡ್‌ಗೇಜ್‌ನ 1676 ಮಿಲಿಮೀಟರಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಹಳಿ ಸಣ್ಣದಾದ್ರೆ ತಿರುವು ಬಿಗಿಯಾಗಿರಬಹುದು, ಸೇತುವೆ ಹಗುರ ಇರಬಹುದು, ಖರ್ಚೂ ಕಡಿಮೆ. ದುಡ್ಡು ಕಡಿಮೆ ಇದ್ದ ಕಾಲದಲ್ಲಿ ಹಳ್ಳಿಗಾಡಿಗೆ ರೈಲು ತಲುಪಿಸಲು ಕಂಡುಕೊಂಡ ದಾರಿ ಅದು.

ಚಿಕ್ಕಬಳ್ಳಾಪುರದಿಂದ ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಬಂಗಾರಪೇಟೆಗೆ ಇನ್ನೊಂದು ನ್ಯಾರೋಗೇಜ್ ಕೂಡಿಕೊಂಡಿತು. ರೇಷ್ಮೆಯ ಊರು, ಮಾವಿನ ಊರು, ಚಿನ್ನದ ಗಣಿಯ ಬಾಗಿಲು, ಎಲ್ಲಕ್ಕೂ ಒಂದೇ ಸಣ್ಣ ರೈಲು. ಯಲಹಂಕದಲ್ಲಿ ಅದು ಗುಂತಕಲ್ ಕಡೆಯ ಮೀಟರ್‌ಗೇಜ್ ಮಾರ್ಗವನ್ನ ಸೇರ್ತಿತ್ತು. ಎರಡು ಅಳತೆಯ ಹಳಿ ಒಂದೇ ಊರಲ್ಲಿ ಸೇರಿದ್ರೆ ಒಂದರ ಬೋಗಿ ಇನ್ನೊಂದರ ಮೇಲೆ ಓಡಲ್ಲ. ಸರಕನ್ನ ಕೂಲಿಯವರು ತಲೆ ಮೇಲೆ ಹೊತ್ತು ಈ ವ್ಯಾಗನ್ನಿಂದ ಆ ವ್ಯಾಗನ್ನಿಗೆ ಹಾಕಬೇಕು.

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗ ಬ್ರಾಡ್‌ಗೇಜ್ ಆಗಿದ್ದು 1990ರ ದಶಕದಲ್ಲಿ. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ರೈಲು ಓಡಲು 2013 ಆಗಬೇಕಾಯ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಂದರೆ ಇಡೀ ದೇಶಕ್ಕೇ ಐಟಿ ರಾಜಧಾನಿ ಅನ್ನಿಸಿಕೊಂಡ ನಗರದ ಹೊಸ ಏರ್‌ಪೋರ್ಟಿನ ಪಕ್ಕದಲ್ಲೇ ಮೊದಲ ದಿನದಿಂದಲೂ ಒಂದು ರೈಲು ಹಳಿ ಇತ್ತು. ಆ ಹಳಿ ಮೇಲೆ ಏರ್‌ಪೋರ್ಟ್ ಹಾಲ್ಟ್ ಶುರುವಾಗಿದ್ದು ಯಾವಾಗ ಗೊತ್ತಾ? 2021ರ ಜನವರಿಯಲ್ಲಿ. ಹಳಿಯ ಪಕ್ಕ ಒಂದು ಪ್ಲಾಟ್‌ಫಾರಂ ಕಟ್ಟೋದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಉಳಿಸಿದ್ದು ಕಟ್ಟಡ

ಈ ಮಾರ್ಗದ ಹಳೆಯ ಸ್ಟೇಷನ್ನುಗಳು ಪಾಳು ಬಿದ್ದಿದ್ದವು. ಗೇಜ್ ಬದಲಾದ ಮೇಲೆ ಕೆಲವು ಬಾಗಿಲು ಹಾಕಿದವು, ಕೆಲವಕ್ಕೆ ಬಾಗಿಲೇ ಉಳಿಯಲಿಲ್ಲ. ಇಂಟ್ಯಾಕ್‌ನ ಬೆಂಗಳೂರು ಶಾಖೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಜೊತೆ ಸೇರಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನ ಉಳಿಸುವ ಕೆಲಸ ಕೈಗೆತ್ತಿಕೊಂಡಿತು. ನಂದಿ ಹಾಲ್ಟ್ ಈಗ ನೋಡಲು ನಿಜಕ್ಕೂ ಚೆಂದ. ಹೆಂಚಿನ ಮಾಡು, ಮರದ ಕಂಬ, ಹಿಂದೆ ನಂದಿಬೆಟ್ಟ. ಇದನ್ನು ಮಾಡಿದವರಿಗೆ ನಮಸ್ಕಾರ ಹೇಳಲೇಬೇಕು. ಕಟ್ಟಡಕ್ಕೆ ನೂರು ವರ್ಷ ತುಂಬಿತು ಅಂದ ಮಾತ್ರಕ್ಕೆ ತಾನಾಗಿಯೇ ಕಾನೂನಿನ ರಕ್ಷಣೆ ಸಿಗಲ್ಲ. ಯಾರಾದರೂ ಹಟ ಹಿಡಿದು ಕೂರಬೇಕು. ಇವರು ಕೂತರು.

ಒಂದು ಭಾನುವಾರ ನಮ್ಮ ಗುಂಪಿನ ಜೊತೆ ನಾನೂ ನಂದಿ ಹಾಲ್ಟ್‌ಗೆ ಹೋಗಿದ್ದೆ. ಎರಡು ಕಾರಲ್ಲಿ. ಹೌದು, ರೈಲು ಪ್ರೇಮಿಗಳು ರೈಲ್ವೆ ಸ್ಟೇಷನ್ ನೋಡೋಕೆ ಕಾರಲ್ಲಿ ಹೋದರು. ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರೋಕೆ ನಮಗೆ ಹೊಂದುವ ರೈಲು ಸಿಗಲಿಲ್ಲ. ಪ್ಲಾಟ್‌ಫಾರಂ ಮೇಲೆ ಮೂರು ಜೋಡಿಗಳು ಫೋಟೋ ತೆಗೆಸಿಕೊಳ್ತಿದ್ದವು. ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಸೊಪ್ಪಿನ ಗಂಟು.

"ರೈಲಿಗೆ ಕಾಯ್ತಿದೀರಾ ಅಜ್ಜಿ?" ಅಂತ ಕೇಳಿದೆ.

"ಇಲ್ಲಪ್ಪಾ, ನೆಳ್ಳಿಗೆ ಕುಂತಿವ್ನಿ. ಬಸ್ಸಿಗೋಯ್ತೀನಿ."

ನಮ್ಮ ಗುಂಪಿನ ಹಿರಿಯರೊಬ್ಬರು ಇದನ್ನ ಕೇಳಿಸಿಕೊಂಡು ನನ್ನ ಹತ್ತಿರ ಬಂದು, "ನೋಡಪ್ಪಾ, ನಾವು ನೆರಳು ಉಳಿಸಿದೀವಿ" ಅಂದರು. ತಮಾಷೆಗೆ ಅಂದಿದ್ದಲ್ಲ.

ಸಮಸ್ಯೆ ಇರೋದೇ ಇಲ್ಲಿ. ಪರಂಪರೆ ಅಂದ್ರೆ ಗೋಡೆ, ಹೆಂಚು, ಕಿಟಕಿ ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಸರ್ಕಾರಕ್ಕೂ ಇದು ಅನುಕೂಲ. ಶಿವಮೊಗ್ಗ ಜಿಲ್ಲೆಯ ಅರಸಾಳು ನೆನಪಿಸಿಕೊಳ್ಳಿ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆ ಹಳೇ ಸ್ಟೇಷನ್ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯ್ತು. ಒಳ್ಳೆಯದೇ. ಆದರೆ ಮ್ಯೂಸಿಯಂ ಕಟ್ಟೋದು ಒಂದು ಸಲದ ಖರ್ಚು, ಒಂದು ಸಲದ ಉದ್ಘಾಟನೆ. ರೈಲು ಓಡಿಸೋದು ದಿನಾ ಮಾಡಬೇಕಾದ ಕೆಲಸ. ದಿನಾ ಮಾಡುವ ಕೆಲಸಕ್ಕೆ ರಿಬ್ಬನ್ ಕತ್ತರಿಸೋಕೆ ಆಗಲ್ಲ.

ಹೊರಗಿನ ಒಂದು ಉದಾಹರಣೆ ನೋಡಿ. ವೇಲ್ಸ್‌ನಲ್ಲಿ ಟ್ಯಾಲಿಲಿನ್ ಅನ್ನೋ ಸಣ್ಣ ನ್ಯಾರೋಗೇಜ್ ಮಾರ್ಗ 1950ರಲ್ಲಿ ಮುಚ್ಚುವ ಹಂತಕ್ಕೆ ಬಂತು. ರೈಲು ಪ್ರೇಮಿಗಳು ಸಂಘ ಕಟ್ಟಿಕೊಂಡು 1951ರಲ್ಲಿ ತಾವೇ ರೈಲು ಓಡಿಸೋಕೆ ಶುರು ಮಾಡಿದರು. ಸ್ವಯಂಸೇವಕರು ನಡೆಸಿದ ಜಗತ್ತಿನ ಮೊದಲ ರೈಲು ಅದು, ಇವತ್ತಿಗೂ ಓಡುತ್ತಿದೆ. ನಮ್ಮಲ್ಲಿ ರೈಲ್ವೆ ಸರ್ಕಾರದ್ದು, ನಾವು ನೀವು ಹೋಗಿ ಇಂಜಿನ್ ನಡೆಸೋಕೆ ಆಗಲ್ಲ, ಆಗಲೂಬಾರದು. ಆದ್ರೆ ಅವರ ಮನಸ್ಸಿನಲ್ಲಿದ್ದ ಒಂದು ಮಾತು ನಮಗೂ ಬೇಕು: ಓಡದ ರೈಲನ್ನ ಉಳಿಸಿದ್ದೇವೆ ಅನ್ನೋಕೆ ಬರಲ್ಲ.

"ಆಗಲ್ಲ" ಅನ್ನೋದಕ್ಕೆ ದಾಖಲೆ ಉತ್ತರ

ಈಗ ರಾಜಕೀಯಕ್ಕೆ ಬರೋಣ. ಬೆಂಗಳೂರಿಗೆ ಉಪನಗರ ರೈಲು ಬೇಕು ಅಂತ ರೈಲ್ವೆಯದೇ ತಂಡ ಶಿಫಾರಸು ಮಾಡಿದ್ದು 1983ರಲ್ಲಿ. ನಾನು ಹುಟ್ಟೋಕೂ ಮುಂಚೆ. 2010ರ ಹೊತ್ತಿಗೆ 'ಪ್ರಜಾ' ಬಳಗದ ನಾಗರಿಕರು 'ನಮ್ಮ ರೈಲು' ಅಂತ ವರದಿ ಬರೆದು ಸರ್ಕಾರದ ಮುಂದಿಟ್ಟರು. 2016ರ ಅಕ್ಟೋಬರಿನಲ್ಲಿ ಇದೇ ಬಳ್ಳಾರಿ ರಸ್ತೆಯಲ್ಲಿ, ಬಸವೇಶ್ವರ ಸರ್ಕಲ್ಲಿನಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್ ವಿರುದ್ಧ ಸಾವಿರಾರು ಜನ ಮಾನವ ಸರಪಳಿ ಮಾಡಿದರು. 812 ಮರ ಕಡಿಯುವ ಯೋಜನೆ ಅದು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನ ಕೈಬಿಟ್ಟಿತು. 'ಬೇಡ' ಅಂದವರೇ ಡಿಸೆಂಬರಿನಲ್ಲಿ 'ಚುಕುಬುಕು ಬೇಕು' ಅಂದಿದ್ದರು. ಬೇಡ ಅನ್ನೋದರ ಜೊತೆಗೆ ಏನು ಬೇಕು ಅಂತಲೂ ಹೇಳಿದ ಅಪರೂಪದ ಚಳವಳಿ ಅದು.

ಕೇಂದ್ರ ಸಂಪುಟ 2020ರ ಅಕ್ಟೋಬರಿನಲ್ಲಿ ₹15,767 ಕೋಟಿಯ ಉಪನಗರ ರೈಲು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಹೂವಿನ ಹೆಸರು, ಒಟ್ಟು 148 ಕಿಲೋಮೀಟರ್. ಹೆಬ್ಬಾಳದ ಮೇಲೆ ಹೋಗೋದು ಮಲ್ಲಿಗೆ. ಯಲಹಂಕ, ದೇವನಹಳ್ಳಿ ಕಡೆಗೆ ಹೋಗೋದು ಸಂಪಿಗೆ, ಅದೇ 1915ರ ದಿಕ್ಕು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸ್ತೀವಿ ಅಂದರು. ಲೆಕ್ಕ ಹಾಕಿ. 2025ರ ಅಕ್ಟೋಬರಿಗೆ 40 ತಿಂಗಳು ಮುಗೀತು. ಒಂದು ಹೂವೂ ಅರಳಲಿಲ್ಲ.

ಅದೇ ಹೊತ್ತಿಗೆ ರಾಜ್ಯ ಸರ್ಕಾರ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಕೊರೆಯಲು ಹೊರಟಿದೆ. ಅಂದಾಜು ವೆಚ್ಚ ₹17 ಸಾವಿರ ಕೋಟಿ ಮೀರಿದೆ. 148 ಕಿಲೋಮೀಟರ್ ರೈಲಿಗೆ ಇಟ್ಟ ಅಂದಾಜಿಗಿಂತ ಜಾಸ್ತಿ, 17 ಕಿಲೋಮೀಟರ್ ಕಾರಿನ ದಾರಿಗೆ. ಕೇಂದ್ರ ತಡ ಮಾಡಿದ್ದನ್ನ ಬೈಯುವಾಗ ರಾಜ್ಯ ಯಾವುದಕ್ಕೆ ಅವಸರ ಮಾಡ್ತಿದೆ ಅನ್ನೋದನ್ನೂ ನೋಡಬೇಕು.

ಇಲ್ಲಿ ರೈಲು ಇತಿಹಾಸದವರು ಏನು ಮಾಡಬಹುದು? ಬಹಳ ಮಾಡಬಹುದು. ಹೊಸ ಹಳಿ ಬರೋ ತನಕ ಇರುವ ಹಳಿ ಮೇಲೆ ಜಾಸ್ತಿ ರೈಲು ಓಡಿಸಿ ಅಂತ ಕೇಳಿದ್ರೆ ಸಿಗುವ ಮಾಮೂಲಿ ಉತ್ತರ "ಸಾಮರ್ಥ್ಯ ಇಲ್ಲ" ಅನ್ನೋದು. ಸಾಮರ್ಥ್ಯ ಅನ್ನೋದು ದೇವರು ಬರೆದ ಹಣೆಬರಹ ಅಲ್ಲ, ಲೆಕ್ಕ. ಸಿಂಗಲ್ ಲೈನಿನಲ್ಲಿ ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟಬೇಕಂದ್ರೆ ಸ್ಟೇಷನ್ನಿನಲ್ಲಿ ಎರಡನೇ ಹಳಿ, ಅಂದರೆ ಲೂಪ್ ಬೇಕು. ಲೂಪ್ ಇರುವ ಎರಡು ಸ್ಟೇಷನ್ನುಗಳ ನಡುವೆ ಓಡೋಕೆ 30 ನಿಮಿಷ ಹಿಡಿದರೆ, ಒಂದು ಹೋಗಿ ಒಂದು ಬರೋಕೆ ಒಂದು ಗಂಟೆ. ಮಧ್ಯದಲ್ಲಿ ಇನ್ನೊಂದು ಲೂಪ್ ಹಾಕಿದ್ರೆ ಅದೇ ಗಂಟೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ರೈಲು ಓಡುತ್ತೆ. ಸ್ಟೇಷನ್ ಬರೀ ಹಾಲ್ಟ್ ಆಗಿ, ಲೂಪ್ ಕಿತ್ತರೆ ಉಲ್ಟಾ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು: ಹಿಂದೆ ಈ ಮಾರ್ಗದ ಯಾವ ಸ್ಟೇಷನ್ನಿನಲ್ಲಿ ಎಷ್ಟು ಹಳಿ ಇದ್ದವು? ದಿನಕ್ಕೆ ಎಷ್ಟು ರೈಲು, ಯಾವ ಹೊತ್ತಿಗೆ ಓಡ್ತಿದ್ದವು? ಈಗ ಎಷ್ಟಿವೆ? ಉತ್ತರ ಇರೋದು ಹಳೇ ಟೈಮ್‌ಟೇಬಲ್ಲಿನಲ್ಲಿ, ಯಾರ್ಡ್ ನಕ್ಷೆಯಲ್ಲಿ. ಅವನ್ನ ಜೋಪಾನವಾಗಿ ಇಟ್ಟುಕೊಂಡವರು ಈ 'ಹುಚ್ಚರು'. ಸಚಿವರ ಮುಂದೆ ಭಾವನೆಯಿಂದ ಮಾತಾಡಿದ್ರೆ ಅವರೂ ಭಾವನೆಯಿಂದ ಮಾತಾಡಿ ಕಳಿಸ್ತಾರೆ. ಟೈಮ್‌ಟೇಬಲ್ ಇಟ್ಟರೆ ಉತ್ತರ ಹೇಳಬೇಕಾಗುತ್ತೆ.

ಯಾರ ಇತಿಹಾಸ?

ನಮ್ಮ ಗುಂಪಿನ ಬಗ್ಗೆಯೂ ಒಂದು ದೂರಿದೆ, ಅವರ ಮುಂದೆಯೇ ಹೇಳಿದ್ದೇನೆ. ನಮ್ಮ ಮಾತೆಲ್ಲ ಇಂಜಿನ್ ಬಗ್ಗೆ. ಹಳಿ ಹಾಕಿದವರ ಬಗ್ಗೆ ಇಲ್ಲ. 1876–78ರ ಮಹಾ ಬರದಲ್ಲಿ ಹಸಿದ ಜನರಿಗೆ ಕೂಲಿ ಕೊಡುವ ಬರಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮಾರ್ಗದ ಕೆಲಸ ನಡೆಯಿತು. ಆ ಮಾರ್ಗದ ಇಂಜಿನ್ನುಗಳ ವಿವರ ಹುಡುಕಿದರೆ ಸಿಗುತ್ತೆ, ಮಣ್ಣು ಹೊತ್ತವರ ಹೆಸರು ಸಿಗಲ್ಲ. ಯಲಹಂಕದಲ್ಲಿ ವ್ಯಾಗನ್ನಿಂದ ವ್ಯಾಗನ್ನಿಗೆ ಮೂಟೆ ಹೊತ್ತವರು, ಗೇಟ್‌ಮನ್, ಗ್ಯಾಂಗ್‌ಮನ್, ಸ್ಟೇಷನ್ನಿನಲ್ಲಿ ಕಡ್ಲೆಕಾಯಿ ಮಾರಿದವರು, ಇವರ ಮಕ್ಕಳು ಮೊಮ್ಮಕ್ಕಳು ಇವತ್ತೂ ದೇವನಹಳ್ಳಿ, ಚಿಂತಾಮಣಿ, ಕೋಲಾರದಲ್ಲಿದ್ದಾರೆ. ಬಂಗಾರಪೇಟೆ–ಕೋಲಾರದ ರೈಲ್‌ಬಸ್ಸಿನಲ್ಲಿ ಓಡಾಡಿದವರಂತೂ ಇನ್ನೂ ಕೆಲಸಕ್ಕೆ ಹೋಗುವ ವಯಸ್ಸಿನವರು. ಅವರನ್ನ ಮಾತಾಡಿಸಿ, ಕನ್ನಡದಲ್ಲಿ, ಅವರ ಮಾತಲ್ಲೇ ರೆಕಾರ್ಡ್ ಮಾಡಿಕೊಳ್ಳದಿದ್ದರೆ ರೈಲಿನ ಇತಿಹಾಸ ಇಂಗ್ಲಿಷ್ ಬಲ್ಲ ಗಂಡಸರ ಹವ್ಯಾಸವಾಗಿಯೇ ಉಳಿಯುತ್ತೆ.

ಇನ್ನೊಂದು ಕಡೆ, ಈ ಹವ್ಯಾಸವನ್ನ ನಮ್ಮ ವ್ಯವಸ್ಥೆ ಅನುಮಾನದಿಂದಲೇ ನೋಡುತ್ತೆ. ಒಂದು ಸ್ಟೇಷನ್ನಿನಲ್ಲಿ ಹಳೇ ಬೋರ್ಡಿನ ಫೋಟೋ ತೆಗೆದಿದ್ದಕ್ಕೆ ನನ್ನನ್ನ ಅರ್ಧ ಗಂಟೆ ನಿಲ್ಲಿಸಿ ಡಿಲೀಟ್ ಮಾಡಿಸಿದ್ದರು. ಪಕ್ಕದಲ್ಲೇ ಒಂದು ಹುಡುಗಿ ರೀಲ್ ಮಾಡ್ತಿದ್ದಳು, ಅದಕ್ಕೆ ತಕರಾರಿಲ್ಲ. ಕುಣಿದರೆ ಪರವಾಗಿಲ್ಲ, ಗಮನಿಸಿದರೆ ಕಷ್ಟ.

ಮಾಡಬಹುದಾದ ಮೂರು ಕೆಲಸ

ಒಂದು, ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಹಳೆಯ ಟೈಮ್‌ಟೇಬಲ್, ನಕ್ಷೆ, ಫೋಟೋ ಯಾರ ಮನೆಯಲ್ಲಿದ್ದರೂ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುವುದು. ಟ್ರಂಕಿನಲ್ಲಿದ್ದರೆ ಅದು ಆಸ್ತಿ, ಹೊರಗೆ ಬಂದರೆ ಪುರಾವೆ. ಎರಡು, ಉಪನಗರ ರೈಲಿಗಾಗಿ ಹೋರಾಡುವವರೂ ಪರಂಪರೆಯ ಕಟ್ಟಡ ಉಳಿಸುವವರೂ ಒಂದೇ ಮೇಜಿನ ಸುತ್ತ ಕೂರುವುದು. ಸಂಪಿಗೆ ಮಾರ್ಗ ಬಂದಾಗ ಹಳೆಯ ಸ್ಟೇಷನ್ನುಗಳು ಬಳಕೆಯ ಸ್ಟೇಷನ್ನುಗಳಾಗಿಯೇ ಇರಲಿ, ಬದಿಯ ಅಲಂಕಾರ ಆಗದಿರಲಿ ಅಂತ ಈಗಲೇ ಬರೆದು ಕೊಡುವುದು. ಮೂರು, ಹೊಸ ಹಳಿಗೆ ಕಾಯದೆ, ಇರುವ ಹಳಿ ಮೇಲೆ ಬೆಳಿಗ್ಗೆ ಮತ್ತು ಸಂಜೆ ಕೆಲಸದ ಹೊತ್ತಿಗೆ ಹೊಂದುವ ರೈಲು ಕೇಳುವುದು. ಏರ್‌ಪೋರ್ಟಿನಲ್ಲಿ ಕಸ ಗುಡಿಸುವವರು, ಸೆಕ್ಯುರಿಟಿಯವರು, ಅಂಗಡಿಗಳಲ್ಲಿ ನಿಲ್ಲುವವರು ಶಿಫ್ಟಿನಲ್ಲಿ ಕೆಲಸ ಮಾಡ್ತಾರೆ. ವಿಮಾನ ಹತ್ತುವವರಿಗಿಂತ ಮೊದಲು ರೈಲು ಬೇಕಾಗಿರೋದು ಅವರಿಗೆ. ಅವರ ಶಿಫ್ಟಿಗೆ ಹೊಂದದ ರೈಲು ಖಾಲಿ ಓಡಿದರೆ, "ಜನ ಬರಲ್ಲ" ಅಂತ ಅದನ್ನೂ ನಿಲ್ಲಿಸೋಕೆ ಕಾರಣ ಸಿಗುತ್ತೆ.

ಮುಂದಿನ ತಿಂಗಳು ನಮ್ಮ ಗುಂಪು ಮತ್ತೆ ನಂದಿ ಹಾಲ್ಟ್‌ಗೆ ಹೊರಟಿದೆ. ಈ ಸಲ ಕಾರು ಬೇಡ, ರೈಲಲ್ಲೇ ಹೋಗೋಣ ಅಂತ ತೀರ್ಮಾನ ಆಗಿದೆ. ಇಡೀ ದಿನ ಹಾಳಾದರೂ ಸರಿ. ಎಷ್ಟು ಹೊತ್ತು ಕಾದೆವು, ಎಲ್ಲೆಲ್ಲಿ ನಿಂತೆವು, ಬೋಗಿಯಲ್ಲಿ ಎಷ್ಟು ಜನ ಇದ್ದರು, ಎಲ್ಲ ಬರೆದುಕೊಳ್ಳೋದು ನನ್ನ ಕೆಲಸ. ಆ ಅಜ್ಜಿ ಸಿಕ್ಕರೆ ಅವರಿಗೆ ಎಷ್ಟು ಗಂಟೆಯ ರೈಲು ಬೇಕು ಅಂತಲೂ ಕೇಳಿಕೊಂಡು ಬರ್ತೀನಿ.