ಪಾರಂಪರಿಕ ಮಾರುಕಟ್ಟೆ: ಕೆಡವುವ ಮುನ್ನ ಕೇಳಬೇಕಾದದ್ದು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದವರಲ್ಲಿ ನಾನೂ ಒಬ್ಬ. 1892ರ ಆ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, ಮತ್ತೆ ಆಗಸ್ಟ್‌ನಲ್ಲಿಯೇ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿದ್ದಿತು. ಆಗ ಅಲ್ಲಿ ನಡೆಯುತ್ತಿದ್ದುದು ನವೀಕರಣ ಕಾಮಗಾರಿ ಎಂಬುದನ್ನು ಮರೆಯುವಂತಿಲ್ಲ. ಎರಡನ್ನೂ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಪರಿಣತರ ಸಮಿತಿಯ ವರದಿಯನ್ನು ಆಧರಿಸಿ, 2023ರಲ್ಲಿ ಹೈಕೋರ್ಟ್ ಸಮ್ಮತಿ ನೀಡಿತು.

ನಾಲ್ಕು ಜೀವಗಳು ಹೋದ ಮೇಲೆ ಸುರಕ್ಷತೆಯ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಾಗದು. ಕಟ್ಟಡದ ಮೇಲಿನ ಪ್ರೀತಿ ಅದರ ಕೆಳಗೆ ಕುಳಿತು ಹೂ ಮಾರುವವರ ತಲೆಗೆ ಸಮನಲ್ಲ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಶತಮಾನ ಬಾಳಿದ ಕಟ್ಟಡಗಳು ನಮ್ಮ ಕಣ್ಣೆದುರೇ ಇಷ್ಟು ದುರ್ಬಲಗೊಂಡದ್ದು ಹೇಗೆ?

ಅಂದಿನ ಕಟ್ಟಡಗಳ ಮದರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಸುಣ್ಣದ ಗಾರೆಯಿಂದ ಬೆಸೆದಿರುತ್ತಾರೆ. ಸುಣ್ಣದ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ತೊಲೆಯ ತುದಿ ಕೊಳೆಯತೊಡಗುತ್ತದೆ. ತಾರಸಿ ಸೋರಿದಾಗಲೆಲ್ಲ ಮತ್ತೊಂದು ಪದರ ಕಾಂಕ್ರೀಟ್ ಹಾಕಿದರೆ, ಕೊಳೆಯುತ್ತಿರುವ ತೊಲೆಗೆ ಹೊರೆಯೂ ಹೆಚ್ಚುತ್ತದೆ. ಜೊತೆಗೆ ಶಟರ್‌ಗಾಗಿ ಕೊರೆದ ಗೋಡೆ, ದಾಸ್ತಾನಿಗೆಂದು ಕಟ್ಟಿದ ಅಟ್ಟ, ಮಳೆನೀರಿನ ಕೊಳವೆಯನ್ನು ಮುಚ್ಚಿದ ನಾಮಫಲಕ. ಒಂದೊಂದೂ ಸಣ್ಣದು, ವ್ಯಾಪಾರಿಯ ದೃಷ್ಟಿಯಿಂದ ಅನಿವಾರ್ಯವೂ ಹೌದು. ಎಂಟುನೂರಕ್ಕೂ ಹೆಚ್ಚು ಮಳಿಗೆಗಳಿರುವ ಮಾರುಕಟ್ಟೆಯಲ್ಲಿ ಇಂಥವೆಲ್ಲ ಕೂಡಿದರೆ ಏನಾದೀತು?

ನಮ್ಮ ಪರಂಪರೆ ಸಂರಕ್ಷಣೆಯ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದು ಕೆಡವುವ ಪ್ರಸ್ತಾವ ಬಂದಾಗ. ಅದಕ್ಕೂ ಮುಂಚಿನ ನೂರಾರು ಸಣ್ಣ ಬದಲಾವಣೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಮುಂಬೈಯಲ್ಲಿ 1995ರಲ್ಲಿ ಜಾರಿಗೆ ಬಂದ ನಿಯಮಗಳು ಕಟ್ಟಡಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿ, ಯಾವುದರಲ್ಲಿ ಎಷ್ಟು ಮಾರ್ಪಾಡು ಸಾಧ್ಯ ಎಂಬುದನ್ನು ಮೊದಲೇ ಹೇಳಿದವು. ಅಲ್ಲಿ ಎಲ್ಲವೂ ಸುಸೂತ್ರವೆಂದಲ್ಲ. ಆದರೆ ಬಳಕೆಯಲ್ಲಿರುವ ಕಟ್ಟಡ ಬದಲಾಗದೆ ಇರದು ಎಂಬ ವಾಸ್ತವವನ್ನು ಆ ನಿಯಮಗಳು ಒಪ್ಪಿಕೊಂಡಿವೆ.

ವ್ಯಾಪಾರಿಗೆ ಬೇಡವೆನ್ನುವ ನಿಯಮವಷ್ಟೇ ಸಾಲದು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ, ವಾರದೊಳಗೆ ಉತ್ತರಿಸುವ ಎಂಜಿನಿಯರ್, ದುರಸ್ತಿಯ ವೆಚ್ಚದಲ್ಲಿ ಪಾಲು ಇವೂ ಬೇಕು. ಇಲ್ಲವಾದರೆ ಆತ ಭಾನುವಾರ ರಾತ್ರಿ ಸದ್ದಿಲ್ಲದೆ ಗೋಡೆ ಕೊರೆಯುತ್ತಾನೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಹಳೆಯ ರೂಪದಲ್ಲಿಯೇ ಹೊಸ ಕಟ್ಟಡ ಎಂಬ ಭರವಸೆಯಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಕಮಾನುಗಳನ್ನು ಮರಳಿ ಕಟ್ಟಬಹುದು. ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ಸಣ್ಣ ವ್ಯಾಪಾರಿಗಳು ಹೊಸ ಬಾಡಿಗೆ ತೆತ್ತು ಅದೇ ಜಾಗಕ್ಕೆ ಹಿಂದಿರುಗುವರೇ ಎಂಬುದನ್ನು ನೀಲನಕ್ಷೆ ಹೇಳದು. ಆ ಕರಾರು ಮೊದಲು ಬರಹದಲ್ಲಿ ಬರಲಿ, ಹಾರೆ ಎತ್ತುವುದು ಆಮೇಲೆ.