ಓಟದ ಹಾದಿಯೂ ಮುಚ್ಚಿದ ಬಾಗಿಲೂ

ಸ್ತ್ರೀಯರ ಮೇಲಣ ಹಿಂಸೆಯತ್ತ ಜನರ ಗಮನವನ್ನು ಸೆಳೆಯಲೆಂದು ದೂರದ ಓಟ, ನಡಿಗೆಗಳನ್ನು ಕೈಕೊಳ್ಳುವವರುಂಟು. ಸೃಷ್ಟಿ ಬಕ್ಷಿ ಎಂಬಾಕೆ 2018ನೆಯ ಸೆಪ್ಟೆಂಬರಿನಲ್ಲಿ ಕನ್ಯಾಕುಮಾರಿಯಿಂದ ಹೊರಟು, ಸುಮಾರು 3,800 ಕಿಲೋಮೀಟರು ಕಾಲ್ನಡೆಯಾಗಿ ಕ್ರಮಿಸಿ, 2019ನೆಯ ಏಪ್ರಿಲಿನಲ್ಲಿ ಶ್ರೀನಗರವನ್ನು ಮುಟ್ಟಿದರು. 2016ರಲ್ಲಿ ಬುಲಂದಶಹರದ ಹೆದ್ದಾರಿಯಲ್ಲಿ ನಡೆದ ಅತ್ಯಾಚಾರದ ವಾರ್ತೆಯೇ ಅವರನ್ನು ಹೊರಡಿಸಿದ್ದು. ಇದನ್ನು ಆಡಂಬರವೆಂದು ನಗುವವರಿದ್ದಾರೆ. ನಾವು ಆ ಪಂಗಡದವರಲ್ಲ. ಹೆಂಗಸು ನಿರ್ಭಯವಾಗಿ ನಡೆದಷ್ಟು ಹಾದಿ ಅವಳದಾಗುತ್ತದೆ.

ಆದರೆ, ವಾಚಕ ಮಹಾಶಯರೇ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಹೀಗೆ ಓಡುವವರು ಎಷ್ಟು ಮುಚ್ಚಿದ ಬಾಗಿಲುಗಳನ್ನು ದಾಟಿ ಹೋಗಬೇಕು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರ ಪೈಕಿ ಶೇಕಡಾ 44ರಷ್ಟು ಮಂದಿ ಪತಿಯಿಂದಲೇ ಹಿಂಸೆಯನ್ನು ಅನುಭವಿಸಿದವರು. ಹೆದ್ದಾರಿಯಲ್ಲಲ್ಲ, ಅಡಿಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ!

ಗಂಡಹೆಂಡಿರ ಜಗಳ ಉಂಡು ಮಲಗುವ ತನಕವೆಂದು ಹೇಳಿ ನಾವು ಕಿಟಕಿಯನ್ನು ಮುಚ್ಚಿಕೊಳ್ಳುತ್ತೇವೆ. (ವಿಜಯನಗರದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳವರು ಕೇಳಿಸಲಿಲ್ಲವೆಂದರೆ ನಂಬುವವರಾರು?) ಪೆಟ್ಟು ತಿಂದವಳೇ ದೂರು ಕೊಡಬೇಕೆಂಬ ನಿರ್ಬಂಧವೇನೂ ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯು 2006ನೆಯ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೆಯ ಪ್ರಕರಣದಂತೆ, ಹಿಂಸೆ ನಡೆದಿದೆಯೆಂದು, ನಡೆಯಲಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. 181 ಎಂಬ ಮಹಿಳಾ ಸಹಾಯವಾಣಿಗೆ ಹಗಲಿರುಳೂ ಟೆಲಿಫೋನು ಮಾಡಬಹುದು. ಹೀಗೆ ತಿಳಿಸಿದರೆ ಆಕೆ ಬೀದಿಪಾಲಾದಾಳೆಂಬ ಅಂಜಿಕೆಗೂ ಅದೇ ಕಾಯಿದೆಯಲ್ಲಿ ಉತ್ತರವಿದೆ: ಮನೆ ಪತಿಯ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟು.